ಮನೆ ಖಾಲಿಯಾದ ಮೇಲೆ ಕಾಣುವ ಗೋಡೆ

ತುಂಗಭದ್ರಾ ಎಡದಂಡೆ ಕಾಲುವೆ ಸಿಂಧನೂರನ್ನು ಭತ್ತದ ಊರು ಮಾಡಿತು, ಭತ್ತ ಅದನ್ನು ಬಾಡಿಗೆಯ ಊರೂ ಮಾಡಿತು. ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ರೈತರ ಬೆನ್ನಿಗೇ ರೈಸ್ ಮಿಲ್ಲು, ಗೊಬ್ಬರದಂಗಡಿ, ಗೋದಾಮು, ಬ್ಯಾಂಕು ಬಂದವು. ಲಿಂಗಸುಗೂರಿಗೆ ಉಪವಿಭಾಗದ ಕಚೇರಿಗಳೂ ಹತ್ತಿರದ ಹಟ್ಟಿ ಚಿನ್ನದ ಗಣಿಯೂ ಬಾಡಿಗೆದಾರರನ್ನು ತಂದವು. ಈ ಎರಡು ಊರುಗಳ ನಡುವಿನ ಮಸ್ಕಿ ತಾಲೂಕು ಕೇಂದ್ರವಾದ ಮೇಲೆ ಅದೇ ದಾರಿ ಹಿಡಿಯಿತು. ಈ ಊರುಗಳಲ್ಲಿ ಮಣ್ಣಿನ ಮಾಳಿಗೆ ಹೋಗಿ ಆರ್‌ಸಿಸಿ ಬಂದದ್ದನ್ನು ಕಂಡವರಿಗೆ ಮಾಲೀಕರ ಮತ್ತು ಬಾಡಿಗೆದಾರರ ಜಗಳ ಬೇರೆಯಾದದ್ದೂ ಗೊತ್ತು. ಮಾಳಿಗೆಗೆ ಮಳೆಗಾಲಕ್ಕೆ ಮುಂಚೆ ಮಣ್ಣು ಹಾಕಿಸಬೇಕಿತ್ತು, ಹಬ್ಬಕ್ಕೆ ಗೋಡೆಗೆ ಸುಣ್ಣ ಹೊಡೆಸಬೇಕಿತ್ತು. ಆ ನೆಪದಲ್ಲಿ ಮಾಲೀಕ ಒಳಗೆ ಬರುತ್ತಿದ್ದ, ಕೆಟ್ಟದ್ದು ಆಗಾಗಲೇ ಕಣ್ಣಿಗೆ ಬೀಳುತ್ತಿತ್ತು. ಟೈಲ್ಸು, ಗೋಡೆಯೊಳಗಿನ ಪೈಪು, ಕಮೋಡು ಇರುವ ಇಂದಿನ ಮನೆಗೆ ಅಂಥ ವಾಡಿಕೆ ಇಲ್ಲ. ಹಾನಿ ಬಯಲಾಗುವುದು ಸಾಮಾನು ಲಾರಿ ಏರಿದ ದಿನವೇ.

ವಾಡಿಕೆಯ ಜಾಗಕ್ಕೆ ಬಾಂಡ್ ಪೇಪರ್ ಬಂದಿದೆ, ನಿಜ. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಬೇಕಾಗುವುದರಿಂದ ಅದು 11 ತಿಂಗಳಿಗೆ ನಿಲ್ಲುತ್ತದೆ. ಬಾಡಿಗೆ, ಅಡ್ವಾನ್ಸು, ತಾರೀಕು ಎಲ್ಲ ಅದರಲ್ಲಿರುತ್ತವೆ. ಮನೆ ಹೇಗಿತ್ತು ಎಂಬುದೊಂದೇ ಇರುವುದಿಲ್ಲ. ಆದರೆ ಕಾನೂನು ಕೇಳುವುದು ಅದನ್ನೇ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಸಹಜ ಸವಕಳಿ ಬಿಟ್ಟು ಉಳಿದಂತೆ ಪಡೆದ ಸ್ಥಿತಿಯಲ್ಲೇ ಆಸ್ತಿಯನ್ನು ಮರಳಿಸಬೇಕು. ಬಾಡಿಗೆದಾರನ ಅಥವಾ ಅವನ ಆಳುಗಳ ತಪ್ಪಿನಿಂದ ಕೆಟ್ಟದ್ದನ್ನು ನೋಟಿಸು ಮುಟ್ಟಿದ ಮೂರು ತಿಂಗಳೊಳಗೆ ಅವನೇ ಸರಿಪಡಿಸಬೇಕು. ಪಡೆದ ಸ್ಥಿತಿಗೆ ಪುರಾವೆ ಇಲ್ಲದಿದ್ದರೆ ಈ ಹಕ್ಕು ಕೈಗೆ ಹತ್ತುವುದಿಲ್ಲ.

ನಮ್ಮ ಕಡೆ ಈ ಪುರಾವೆ ಇನ್ನೂ ಮುಖ್ಯ. ಎರೆ ನೆಲ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಪಾಯ ಆಳವಿಲ್ಲದ ಗೋಡೆ ಅದರ ಜೊತೆಗೇ ಸೀಳುತ್ತದೆ. ಕಾಲುವೆಯ ಕೆಳಗಿನ ಸವಳು-ಜವಳು ಜಾಗದಲ್ಲಿ ಉಪ್ಪು ಮೇಲೇರಿ ಗಿಲಾವು ಉದುರುತ್ತದೆ. ಇದನ್ನು ಬಾಡಿಗೆದಾರನ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ಆದರೆ ಬಾಡಿಗೆಯ ಗೋದಾಮಿನಲ್ಲಿ ಗೊಬ್ಬರದ ಚೀಲಗಳನ್ನು ನೆಲಕ್ಕೆ, ಗೋಡೆಗೆ ಒತ್ತಿ ಒಟ್ಟಿ ಕಾಂಕ್ರೀಟು ತಿನ್ನಿಸಿದರೆ, ಲಾರಿ ಹಿಂದೆ ತೆಗೆಯುವಾಗ ಶಟರ್ ಬಗ್ಗಿಸಿದರೆ ಅದು ಸವಕಳಿಯಲ್ಲ. ಬಂದ ದಿನದ ಫೋಟೋಗಳಿದ್ದರಷ್ಟೇ ಎರಡನ್ನೂ ಬೇರ್ಪಡಿಸಬಹುದು.

ಮೊದಲ ದಿನವೇ ಮನೆಯ ಸ್ಥಿತಿ ಬರೆದುಕೊಳ್ಳಲು ಪಟ್ಟಿ ಹಿಡಿದರೆ ನಂಬಿಕೆ ಕೆಡುತ್ತದೆ ಎನ್ನುವವರಿದ್ದಾರೆ. ನಂಬಿಕೆ ಕೆಡುವುದು ಪಟ್ಟಿಯಿಂದಲ್ಲ, ಕೊನೆಯ ದಿನ ಅಡ್ವಾನ್ಸಿನಲ್ಲಿ ಮಾಲೀಕ ತನಗೆ ತೋಚಿದಷ್ಟು ಮುರಿದುಕೊಂಡಾಗ. ಇಬ್ಬರೂ ಸಹಿ ಹಾಕಿದ ಪಟ್ಟಿ ಬಾಡಿಗೆದಾರನಿಗೂ ಅಷ್ಟೇ ರಕ್ಷಣೆ. ಅಡ್ವಾನ್ಸನ್ನೇ ಹೆಚ್ಚಿಸಿದರಾಯಿತು ಎಂಬ ಇನ್ನೊಂದು ವಾದವೂ ನಿಲ್ಲದು. ದುಡ್ಡು ಎಷ್ಟಿದ್ದರೂ ಹಾನಿ ಯಾರದೆಂದು ಅದು ಹೇಳಲಾರದು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡವೆನ್ನುತ್ತದೆ. ಸುಣ್ಣಬಣ್ಣ ಮಾಲೀಕನದು, ಒಡೆದ ಕಿಟಕಿ ಗಾಜು ಬಾಡಿಗೆದಾರನದು ಎಂದು ಹೊಣೆ ಹಂಚುತ್ತದೆ. ರಾಜ್ಯಗಳು ಒಪ್ಪಿದರೆ ಮಾತ್ರ ಅದು ಕಾನೂನು. ಆದರೂ ಆ ಹಂಚಿಕೆಯನ್ನು ಕರಾರಿಗೆ ಸೇರಿಸಲು ಅಡ್ಡಿಯಿಲ್ಲ. ಇಬ್ಬರೂ ನಿಂತು ಮನೆ ನೋಡುವ ಹಳೆಯ ವಾಡಿಕೆಯನ್ನು ಬರುವ ದಿನಕ್ಕೂ ವರ್ಷದ ನಡುವಿನ ಒಂದು ದಿನಕ್ಕೂ ತಂದುಕೊಂಡರೆ, ಹೋಗುವ ದಿನ ಉಳಿಯುವುದು ಜಗಳವಲ್ಲ, ಲೆಕ್ಕ.