ಸಾಲಿನಲ್ಲಿ ನಿಂತು ಪಡೆದ ನಾಣ್ಯ

ನಮ್ಮ ಮನೆಯ ದೇವರ ಗೂಡಿನಲ್ಲಿ, ಅಕ್ಷತೆಯ ಬಟ್ಟಲಿನ ಪಕ್ಕದಲ್ಲಿ, ಹತ್ತು ರೂಪಾಯಿಯ ಬೆಳ್ಳಿನಾಣ್ಯವೊಂದು ಇದೆ. ಗಾಂಧೀಜಿಯವರ ಜನ್ಮಶತಾಬ್ದಿಯ ಸ್ಮರಣಾರ್ಥವಾಗಿ 1969ರಲ್ಲಿ ಭಾರತ ಸರ್ಕಾರವು ಹೊರಡಿಸಿದ ಆ ನಾಣ್ಯದ ತೂಕ 15 ಗ್ರಾಂ. ನೂರಕ್ಕೆ ಎಂಬತ್ತು ಪಾಲು ಬೆಳ್ಳಿ. ಶಾಲೆಯ ಉಪಾಧ್ಯಾಯರಾಗಿದ್ದ ನನ್ನ ತಂದೆಯವರು ಒಂದು ಬೆಳಗ್ಗೆ ನನ್ನನ್ನೂ ಕೈಹಿಡಿದು ಕರೆದುಕೊಂಡು ಹೋಗಿ, ಬ್ಯಾಂಕಿನ ಬಾಗಿಲಲ್ಲಿ ಎರಡು ಗಂಟೆಗಳ ಕಾಲ ನಿಂತು, ಹತ್ತು ರೂಪಾಯಿಯ ನೋಟನ್ನು ಕಿಟಕಿಯೊಳಕ್ಕೆ ಚಾಚಿ ಅದನ್ನು ಪಡೆದರು. ಮನೆಗೆ ಬಂದಾಗ ತಾಯಿಯವರು, ಹತ್ತು ಕೊಟ್ಟು ಹತ್ತನ್ನೇ ತರುವುದಕ್ಕೆ ಇಷ್ಟು ಹೊತ್ತು ಬೇಕಾಯಿತೆ ಎಂದು ಕೇಳಿದರು. ತಂದೆಯವರು ಉತ್ತರ ಕೊಡದೆ ನಾಣ್ಯವನ್ನು ಅವರ ಅಂಗೈಯಲ್ಲಿ ಇಟ್ಟರು. ತಾಯಿಯವರು ಒಂದು ಗಳಿಗೆ ನೋಡಿ, ಒಳಗೆ ಹೋಗಿ, ಅದಕ್ಕೆ ಕುಂಕುಮವಿಟ್ಟರು. ಪ್ರತಿ ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ಇಟ್ಟ ಆ ಕುಂಕುಮವು ಮಹಾತ್ಮರ ಕಿವಿಯ ಮಡಿಕೆಯಲ್ಲಿಯೂ 1869 ಎಂಬ ಅಂಕಿಗಳ ಸಂದಿನಲ್ಲಿಯೂ ಸೇರಿಕೊಂಡು ಇಂದಿಗೂ ನಸುಗೆಂಪಾಗಿ ಕಾಣುತ್ತದೆ. ನಾಣ್ಯವ್ಯಾಪಾರಿಗಳು ಅದನ್ನು ನೋಡಿದರೆ ಕಲೆಯೆಂದು ಬೆಲೆ ತಗ್ಗಿಸುವರು.

ಆ ಬೆಳಗು ನನಗೆ ಮರಳಿ ನೆನಪಾದದ್ದು ನಾಲ್ವತ್ತೈದು ವರ್ಷಗಳ ತರುವಾಯ, ಸಾವಿರಾರು ಮೈಲಿ ದೂರದ ಇನ್ನೊಂದು ಸಾಲಿನಲ್ಲಿ. 2014ರ ಬೇಸಗೆಯಲ್ಲಿ ನಾನು ಶಿಕಾಗೋ ನಗರದ ಹೊರವಲಯದಲ್ಲಿರುವ ಮಗನ ಮನೆಯಲ್ಲಿದ್ದೆ. ಆಗಸ್ಟ್ 5ರಿಂದ ಅಲ್ಲಿಗೆ ಸಮೀಪದ ರೋಸ್‌ಮಾಂಟ್ ಎಂಬಲ್ಲಿ ಅಮೆರಿಕನ್ ನಾಣ್ಯಶಾಸ್ತ್ರ ಸಂಘದ ವಾರ್ಷಿಕ ಮೇಳ. ಆ ಮೇಳದಲ್ಲಿಯೇ ಅಮೆರಿಕದ ಟಂಕಸಾಲೆಯವರು ಹೊಸತೊಂದು ಬಂಗಾರದ ನಾಣ್ಯವನ್ನು ಮೊದಲ ಸಲ ಮಾರಾಟಕ್ಕೆ ಇಟ್ಟಿದ್ದರು. ಅಧ್ಯಕ್ಷ ಕೆನೆಡಿಯವರ ಮುಖವನ್ನು ಹೊತ್ತ ಅರ್ಧ ಡಾಲರಿನ ನಾಣ್ಯಕ್ಕೆ ಆ ವರ್ಷ ಐವತ್ತು ತುಂಬಿದ್ದುದರಿಂದ, ಅದೇ ಮುದ್ರೆಯನ್ನು ಮುಕ್ಕಾಲು ಔನ್ಸು ಅಪ್ಪಟ ಚಿನ್ನದಲ್ಲಿ ಒತ್ತಿ, 1964 ಮತ್ತು 2014 ಎಂಬ ಎರಡು ಇಸವಿಗಳನ್ನೂ ಅದರ ಮೇಲೆ ಕೆತ್ತಿ ಹೊರತಂದಿದ್ದರು. ಬೆಲೆ 1,240 ಡಾಲರು. ಮೇಳದಲ್ಲಿ ದಿನಕ್ಕೆ 500 ನಾಣ್ಯಗಳು ಮಾತ್ರ, ಒಬ್ಬರಿಗೆ ಒಂದೇ. ಮಗನು, “ಅಪ್ಪಾ, ನೀವೂ ಬಂದರೆ ಎರಡು ಸಿಕ್ಕುತ್ತವೆ, ಒಂದನ್ನು ಅಲ್ಲಿಯೇ ಮಾರಿಬಿಟ್ಟರೆ ಇನ್ನೊಂದರ ಭಾರ ಇಳಿಯುತ್ತದೆ,” ಎಂದನು. ನಾವಿಬ್ಬರೂ ಮೊದಲ ದಿನದ ಸಂಜೆಯೇ ಮಡಿಸುವ ಕುರ್ಚಿಗಳನ್ನೂ ಸೊಸೆಯು ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿಯನ್ನೂ ಹಿಡಿದುಕೊಂಡು ಹೋಗಿ, ಮರುದಿನ ನಾಣ್ಯ ಕೊಳ್ಳಲು ಬೇಕಾದ ಚೀಟಿಗಾಗಿ ಸಾಲಿನಲ್ಲಿ ಕುಳಿತೆವು. ಓಹೇರ್ ವಿಮಾನನಿಲ್ದಾಣವು ಹತ್ತಿರದಲ್ಲಿಯೇ ಇದ್ದುದರಿಂದ ವಿಮಾನಗಳು ಒಂದರ ಹಿಂದೆ ಒಂದು ನಮ್ಮ ತಲೆಯ ಮೇಲೆಯೇ ಇಳಿಯುತ್ತಿದ್ದವು.

ಕೆನೆಡಿಯವರ ನಾಣ್ಯಕ್ಕೂ ಸಾಲಿಗೂ ಇರುವ ಸಂಬಂಧ ಹುಟ್ಟಿನಿಂದಲೇ ಬಂದದ್ದು. 1963ರ ನವೆಂಬರ್ 22ರಂದು ಅವರ ಹತ್ಯೆಯಾಯಿತು; ನಾಲ್ಕು ತಿಂಗಳು ಕಳೆದು, 1964ರ ಮಾರ್ಚ್ 24ರಂದು, ಅವರ ಮುಖವುಳ್ಳ ಬೆಳ್ಳಿಯ ಅರ್ಧ ಡಾಲರು ಜನರ ಕೈಗೆ ಬಂದಿತು. ಆ ದಿನ ವಾಷಿಂಗ್ಟನ್ನಿನ ಖಜಾನೆಯ ಕಟ್ಟಡದ ಮುಂದೆ ಜನರು ಸಾಲುಗಟ್ಟಿ ನಿಂತು, ಸಂಜೆಯೊಳಗೆ 70,000 ನಾಣ್ಯಗಳನ್ನು ಕೊಂಡುಹೋದರು. ಮಡಿದ ನಾಯಕನ ಮುಖವನ್ನು ಮನೆಯಲ್ಲಿಟ್ಟುಕೊಳ್ಳಬೇಕೆಂಬ ಆಸೆಯಿಂದ ಜನರು ಅದನ್ನು ಚಲಾವಣೆಗೆ ಬಿಡದೆ ಪೆಟ್ಟಿಗೆಗಳಲ್ಲಿ ಮುಚ್ಚಿಟ್ಟರು. ಬೆಳ್ಳಿಯ ಬೆಲೆಯೂ ಏರುತ್ತಿದ್ದುದು ಆ ಆಸೆಗೆ ಒತ್ತಾಸೆಯಾಯಿತು. ಮರುವರ್ಷದಿಂದ ಸರ್ಕಾರವು ನೂರಕ್ಕೆ ತೊಂಬತ್ತರಷ್ಟಿದ್ದ ಬೆಳ್ಳಿಯನ್ನು ನಾಲ್ವತ್ತಕ್ಕೆ ಇಳಿಸಿದರೂ ಆ ನಾಣ್ಯವು ಅಂಗಡಿಬೀದಿಗೆ ಚೆನ್ನಾಗಿ ಹಿಂದಿರುಗಿ ಬರಲೇ ಇಲ್ಲ. ಖಜಾನೆಯ ಮುಂದೆ ನಿಂತ ಆ ಜನರೂ ನನ್ನ ತಂದೆಯವರೂ ಒಂದೇ ಸಾಲಿನವರೆಂದು ನನಗೆ ತೋರುತ್ತದೆ. ಮುಖಬೆಲೆಯನ್ನು ಕೊಟ್ಟು ಮುಖವನ್ನು ಕೊಂಡವರು ಅವರು.

ನಾವು ಕುಳಿತ ಸಾಲಿನ ರೀತಿ ಬೇರೆ. ಅದನ್ನು ಅರ್ಥಮಾಡಿಕೊಳ್ಳಲು ನನಗೆ ಆ ಇರುಳಿನ ಅರ್ಧಭಾಗ ಹಿಡಿಯಿತು. ಇಷ್ಟು ಎಂದು ಮಿತಿಯನ್ನು ಕಟ್ಟದೆ, ಕೇಳಿದವರಿಗೆಲ್ಲ ಆ ನಾಣ್ಯವನ್ನು ಒತ್ತಿಕೊಡುವುದಾಗಿ ಟಂಕಸಾಲೆಯೇ ಹೇಳಿತ್ತು. ಮನೆಯಲ್ಲಿ ಕುಳಿತು ಕೇಳಿದರೆ ಒಂದು ಮನೆಗೆ ಐದರವರೆಗೆ ಅಂಚೆಯಲ್ಲಿ ಕಳುಹಿಸುತ್ತಿದ್ದರು. ಬರುವುದು ಕೆಲವು ವಾರ ತಡವಾಗುತ್ತಿತ್ತು, ಅಷ್ಟೇ. ಚಿನ್ನ ಒಂದೇ, ಅಚ್ಚು ಒಂದೇ, ಬೆಲೆಯೂ ಒಂದೇ ಆಗಿರುವಾಗ, ಈ ಐನೂರು ನಾಣ್ಯಗಳಿಗಾಗಿ ಜನರು ಇರುಳೆಲ್ಲ ನೆಲದ ಮೇಲೆ ಮಲಗಿದ್ದೇಕೆ? ಮಗನು ವಿವರಿಸಿದನು: ನಾಣ್ಯಗಳ ಗುಣಮಟ್ಟವನ್ನು ಪರೀಕ್ಷಿಸಿ ಶ್ರೇಣಿ ಕೊಡುವ ಸಂಸ್ಥೆಗಳು ಆ ದೇಶದಲ್ಲಿವೆ, ಅವು ನಾಣ್ಯವನ್ನು ಗಟ್ಟಿ ಪ್ಲಾಸ್ಟಿಕ್ಕಿನ ತೆಳುಪೆಟ್ಟಿಗೆಯಲ್ಲಿ ಮುಚ್ಚಿ ಮುದ್ರೆಯಿಟ್ಟು ಮೇಲೊಂದು ಚೀಟಿಯನ್ನು ಅಂಟಿಸುತ್ತವೆ, ಮೇಳದಲ್ಲಿಯೇ, ಮೊದಲ ದಿನಗಳಲ್ಲಿಯೇ ಕೊಂಡದ್ದೆಂಬುದಕ್ಕೆ ರಸೀದಿಯಿದ್ದರೆ ಆ ಚೀಟಿಯ ಮೇಲೆ ಅದನ್ನೂ ನಮೂದಿಸುತ್ತವೆ, ಸಂಗ್ರಾಹಕರು ಹೆಚ್ಚಿನ ಹಣವನ್ನು ಕೊಡುವುದು ಆ ಒಂದು ಸಾಲಿನ ಬರಹಕ್ಕೆ. ಆ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ದುಬಾರಿಯಾದದ್ದು ಕಾಗದವೇ.

ಇದನ್ನು ಮರುಳೆಂದು ತಳ್ಳಿಹಾಕುವುದು ಸುಲಭ. ಆದರೆ ನನಗೆ ಹಾಗೆ ತೋರಲಿಲ್ಲ. ಧರ್ಮಸ್ಥಳದಿಂದ ತಂದ ಪ್ರಸಾದಕ್ಕೂ ಮನೆಯ ಒಲೆಯಲ್ಲಿ ಅದೇ ಅಳತೆಯಿಂದ ಮಾಡಿದ ಸಿಹಿಗೂ ನಾಲಗೆಯು ಭೇದವನ್ನು ಕಾಣಲಾರದು, ಮನಸ್ಸು ಕಾಣುತ್ತದೆ. ಒಬ್ಬನು ಹೋದನು, ನಿಂತನು, ಪಡೆದನು, ತಂದನು ಎಂಬ ನಾಲ್ಕು ಕ್ರಿಯಾಪದಗಳು ಆ ವಸ್ತುವಿನೊಳಕ್ಕೆ ಇಳಿದಿರುತ್ತವೆ. ದೂರದ ಊರಿನಲ್ಲಿ ಹಾಸಿಗೆ ಹಿಡಿದಿರುವ ಸಂಗ್ರಾಹಕನೊಬ್ಬನು ತನ್ನ ಕಾಲುಗಳು ಮಾಡಲಾರದ ಆ ಕೆಲಸಕ್ಕೆ ಇನ್ನೊಬ್ಬನ ಕಾಲುಗಳಿಗೆ ಬೆಲೆಕೊಟ್ಟರೆ ಅದು ನ್ಯಾಯವಾದ ವ್ಯವಹಾರವೇ ಸರಿ; ಮಗನು ಒಂದನ್ನು ಮಾರಿ ಒಂದನ್ನು ಇಟ್ಟುಕೊಳ್ಳುವೆನೆಂದುದರಲ್ಲಿ ನಾನು ತಪ್ಪನ್ನು ಕಾಣಲಿಲ್ಲ. ಆದರೂ ಪ್ರಸಾದವನ್ನು ನಾವು ನೆರೆಹೊರೆಗೆ ಹಂಚುತ್ತೇವೆಯೇ ಹೊರತು ಮಾರುವುದಿಲ್ಲವೆಂಬ ಮಾತು ನನ್ನನ್ನು ಬಿಡದೆ ಕಾಡಿತು.

ನಮ್ಮ ದೇಶದಲ್ಲಿಯೂ ಈ ವ್ಯಾಪಾರವಿಲ್ಲದಿಲ್ಲ. ಮುಂಬಯಿ, ಕೊಲ್ಕತ್ತಾ, ಹೈದರಾಬಾದು, ನೋಯ್ಡಾಗಳ ಟಂಕಸಾಲೆಗಳಲ್ಲಿ ಅಚ್ಚಾಗುವ ಸ್ಮಾರಕನಾಣ್ಯಗಳು ಮುಖಬೆಲೆಗಿಂತ ಬಹಳ ಹೆಚ್ಚಿನ ದರದಲ್ಲಿ ಸಂಗ್ರಾಹಕರಿಗೆ ದೊರೆಯುತ್ತವೆ. ದೊರೆತವು ಎಷ್ಟೋ ಬೇಗನೆ ಕೈ ಬದಲಾಯಿಸುತ್ತವೆ. 2006ರಲ್ಲಿ ಬಸವೇಶ್ವರರ ನಾಣ್ಯಗಳು ಬಂದಾಗ ನಾನು ನೂರು ರೂಪಾಯಿಯದನ್ನು ಬೆಂಗಳೂರಿನ ಒಬ್ಬ ವ್ಯಾಪಾರಿಯಿಂದ ಕೊಂಡೆ. ಆತನು ನಾಣ್ಯದೊಡನೆ ತಾನು ಅದನ್ನು ಪಡೆದ ಬಗೆಯನ್ನೂ ಅರ್ಧ ಗಂಟೆ ಹೇಳಿದನು. ಹೆಚ್ಚು ಕೊಟ್ಟೆನೆಂದು ನನಗೆ ಅನಿಸಲಿಲ್ಲ. ಕಾಯಕದ ಕೂಲಿಯೆಂದು ಕೊಟ್ಟೆ. ಕಾಯಕವೆಂಬ ಮಾತನ್ನು ಬದುಕಿ ತೋರಿದವರ ಮುಖವೇ ಅದರ ಮೇಲೆ ಇತ್ತಲ್ಲವೆ?

ರೋಸ್‌ಮಾಂಟಿನಲ್ಲಿ ನಮ್ಮ ಮುಂದೆ ಕುಳಿತಿದ್ದವನು ಐವತ್ತರ ಆಸುಪಾಸಿನ ಒಬ್ಬ ಕೂಲಿಗಾರ. ಸ್ಪ್ಯಾನಿಷ್ ಆತನ ಮಾತು. ಇಂಗ್ಲಿಷ್ ನಾಲ್ಕಾರು ಪದ. ಹೊದಿಕೆಯಿರಲಿಲ್ಲ, ಕುರ್ಚಿಯೂ ಇರಲಿಲ್ಲ. ಮಗನು ಚಿತ್ರಾನ್ನವನ್ನು ಡಬ್ಬಿಯ ಮುಚ್ಚಳದಲ್ಲಿ ಹಾಕಿಕೊಟ್ಟಾಗ ಮೊದಲು ಸಂಕೋಚಪಟ್ಟು, ಆಮೇಲೆ ಕಡಲೆಬೇಳೆಯ ಒಂದೊಂದು ಕಾಳನ್ನೂ ಆಯ್ದು ತಿಂದನು. ವರ್ತಕನೊಬ್ಬನು ಆತನ ಕೈಗೆ ನೋಟುಗಳ ಲಕೋಟೆಯೊಂದನ್ನು ಕೊಟ್ಟು, ಕೂಲಿ ಗೊತ್ತುಮಾಡಿ, ಅಲ್ಲಿ ಕೂರಿಸಿಹೋಗಿದ್ದನು. ಅಂತಹವರು ಆ ಸಾಲಿನಲ್ಲಿ ಆತನೊಬ್ಬನೇ ಅಲ್ಲ. ಒಬ್ಬರಿಗೆ ಒಂದೇ ಎಂಬ ನಿಯಮವು ಹಣವುಳ್ಳವನನ್ನೂ ಇಲ್ಲದವನನ್ನೂ ಒಂದೇ ನೆಲದ ಮೇಲೆ ಕೂರಿಸುವುದಕ್ಕಾಗಿ ಹುಟ್ಟಿದ್ದು. ಹಣವುಳ್ಳವನು ಬಡವರ ದೇಹಗಳನ್ನು ಒಂದಿರುಳಿಗೆ ಬಾಡಿಗೆಗೆ ಹಿಡಿದು ಆ ನಿಯಮವನ್ನು ದಾಟಿದ್ದನು. ನನ್ನ ಆಕ್ಷೇಪವೆಲ್ಲ ಇಲ್ಲಿದೆ. ತಾನು ನಿಂತು ತಂದದ್ದನ್ನು ಮಾರುವವನು ತನ್ನ ಶ್ರಮವನ್ನು ಮಾರುತ್ತಾನೆ; ಇವನಾದರೋ ಪರರ ನಿದ್ದೆಯನ್ನು ಕಡಿಮೆಗೆ ಕೊಂಡು ಹೆಚ್ಚಿಗೆ ಮಾರುತ್ತಾನೆ. ಜನಸಂದಣಿಯೂ ನೂಕುನುಗ್ಗಲೂ ಮಿತಿಮೀರಿ, ಮೇಳದ ಮೂರನೆಯ ದಿನವಾದ ಆಗಸ್ಟ್ 7ರಂದು, ಸಾರ್ವಜನಿಕರ ಮತ್ತು ಸಿಬ್ಬಂದಿಯ ಕ್ಷೇಮದ ಕಾರಣವನ್ನು ಹೇಳಿ, ಟಂಕಸಾಲೆಯು ಮೇಳದಲ್ಲಿಯೂ ತನ್ನ ಇತರ ಮಳಿಗೆಗಳಲ್ಲಿಯೂ ಈ ನಾಣ್ಯದ ನೇರ ಮಾರಾಟವನ್ನು ನಿಲ್ಲಿಸಿಬಿಟ್ಟಿತು. ನಿಲ್ಲಿಸಿದ್ದು ಸರಿಯೆಂದೇ ನನ್ನ ಅಭಿಪ್ರಾಯ.

ಮಾರಾಟ ನಿಂತದ್ದು ನಮ್ಮ ಸರದಿಯ ಮರುದಿನದ ಮಾತು. ಎರಡನೆಯ ದಿನ ನಮಗೆ ಚೀಟಿಗಳು ಸಿಕ್ಕಿದವು, ನಾಣ್ಯಗಳೂ ಸಿಕ್ಕಿದವು. ಒಂದನ್ನು ಮಗನು ಪೆಟ್ಟಿಗೆಯನ್ನು ತೆರೆಯದೆಯೇ ರಸೀದಿಯೊಡನೆ ಒಳಗಿನ ಒಂದು ಮೇಜಿನಲ್ಲಿ ಮಾರಿದನು. ಇನ್ನೊಂದನ್ನು ಹಿಡಿದುಕೊಂಡು ಹೊರಕ್ಕೆ ಬಂದಾಗ, ನಮ್ಮ ಸಾಲಿನ ಗೆಳೆಯನು ಪಾದಚಾರಿಗಳ ಹಾದಿಯ ಅಂಚಿನಲ್ಲಿ ನಿಂತ ಕಾರಿನ ಕಿಟಕಿಯೊಳಕ್ಕೆ ತನ್ನ ಪೆಟ್ಟಿಗೆಯನ್ನು ಕೊಟ್ಟು ಕೂಲಿಯನ್ನು ಎಣಿಸಿಕೊಳ್ಳುತ್ತಿದ್ದನು. ಮುಚ್ಚಿದ ಪೆಟ್ಟಿಗೆ ಮುಚ್ಚಿದಂತೆಯೇ ಹೋಯಿತು. ಇರುಳೆಲ್ಲ ಯಾವುದಕ್ಕಾಗಿ ಕಾದನೋ ಅದನ್ನು ಆತನು ಕಣ್ಣಿನಿಂದಲೂ ಕಂಡಿರಲಿಲ್ಲ. ನಾನು ಮಗನ ಮುಖವನ್ನು ನೋಡಿದೆ. ಅವನು ಆತನನ್ನು ಕರೆದು, ನಮ್ಮ ಪೆಟ್ಟಿಗೆಯನ್ನು ತೆರೆದು ಮುಂದೆ ಹಿಡಿದನು. ಆತನು ಎರಡು ಕೈಗಳನ್ನೂ ಅಂಗಿಗೆ ಒರೆಸಿಕೊಂಡು, ಪಾರದರ್ಶಕವಾದ ಕೋಶದೊಳಗಿದ್ದ ನಾಣ್ಯವನ್ನು ಅಂಚಿನಲ್ಲಿ ಹಿಡಿದು ಎತ್ತಿ, ಬಿಸಿಲಿಗೆ ಓರೆಮಾಡಿ ಆ ಮುಖವನ್ನು ಬಹಳ ಹೊತ್ತು ನೋಡಿದನು, ಆಮೇಲೆ ತಿರುಗಿಸಿ, ಹಿಂಬದಿಯ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿಕೊಂಡು, “ಹಾಫ್... ಡಾಲರ್,” ಎಂದು ಗಟ್ಟಿಯಾಗಿ ಓದಿದನು. ಮತ್ತೊಮ್ಮೆ ಓದಿ ನಮ್ಮಿಬ್ಬರ ಮುಖವನ್ನೂ ನೋಡಿದನು; ಹತ್ತು ಕೊಟ್ಟು ಹತ್ತನ್ನು ತಂದ ದಿನ ನನ್ನ ತಾಯಿಯವರ ಕಣ್ಣಿನಲ್ಲಿದ್ದ ಪ್ರಶ್ನೆಯೇ ಅಲ್ಲಿತ್ತು. ನಾಣ್ಯವನ್ನು ಅದರ ಗುಳಿಯಲ್ಲಿ ಮೆಲ್ಲನೆ ಕೂರಿಸಿ, ಮುಚ್ಚಳವನ್ನು ತಾನೇ ಮುಚ್ಚಿ, ಎರಡು ಕೈಗಳಿಂದ ಮಗನಿಗೆ ಹಿಂದಿರುಗಿಸಿ, ಬಸ್ಸಿನ ನಿಲ್ದಾಣದ ಕಡೆಗೆ ನಡೆದನು.