ನಮ್ಮ ನಿಲ್ದಾಣಗಳ ರಸಪ್ರಶ್ನೆ

ಸಂಘದ ವಾರ್ಷಿಕೋತ್ಸವ ಬಂತೆಂದರೆ ಮಕ್ಕಳಿಗೆ ರಸಪ್ರಶ್ನೆ ಸ್ಪರ್ಧೆ ಇದ್ದದ್ದೇ. ಪೆರು ದೇಶದ ರಾಜಧಾನಿ ಯಾವುದು, ದೂರವಾಣಿ ಕಂಡುಹಿಡಿದವರಾರು ಎಂದರೆ ಪ್ರಶ್ನೆ ಮುಗಿಯುವ ಮೊದಲೇ ಕೈ ಎತ್ತುತ್ತಾರೆ. ಆದರೆ ಬೆಳಗಾದರೆ ತಾವು ಗಾಡಿ ಹತ್ತುವ ನಿಲ್ದಾಣದ ಬಗ್ಗೆ ಕೇಳಿ ನೋಡಿ, ಎಲ್ಲರೂ ಮೌನ! ಹಿರಿಯರಾದ ನಾವೂ ಅಷ್ಟೇ. ‘ಹೊಟ್ಟೆಪಾಡಿಗೆ ಬಂದವರು, ಈ ಊರಿನ ಕಥೆ ನಮಗೇಕೆ’ ಎಂದು ಸುಮ್ಮನಾಗುತ್ತೇವೆ. ಆದ್ದರಿಂದ ಈ ಸಲ ಸಾಮಾನ್ಯ ಜ್ಞಾನದ ಪುಸ್ತಕ ಬದಿಗಿಟ್ಟು ಒಂದು ಲೋಕಲ್ ಪ್ರಯಾಣ ಮಾಡೋಣ, ಬನ್ನಿ.

ಮೊದಲ ನಿಲ್ದಾಣ ಠಾಣೆ. ಭಾರತದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟು ಇಲ್ಲಿಗೇ ಬಂತು. 34 ಕಿಲೋಮೀಟರ್ ದಾರಿ, 14 ಗಾಡಿಗಳು, ಸುಮಾರು 400 ಅತಿಥಿಗಳು. ಎಳೆದ ಮೂರು ಎಂಜಿನ್‌ಗಳ ಹೆಸರು ಸಾಹಿಬ್, ಸಿಂಧ್, ಸುಲ್ತಾನ್. ಇನ್ನು ಶಬ್ದದ ಪ್ರಶ್ನೆ: ಪೊಲೀಸ್ ಠಾಣೆಗೂ ಠಾಣೆ ಊರಿಗೂ ಏನು ಸಂಬಂಧ? ಎರಡರ ಮೂಲವೂ ಸಂಸ್ಕೃತದ ‘ಸ್ಥಾನ’ವೇ. ಉತ್ತರ ಕೊಂಕಣದ ಶಿಲಾಹಾರ ಅರಸರ ಶಾಸನಗಳಲ್ಲಿ ಈ ಊರು ‘ಸ್ಥಾನಕ’.

ಆ ಶಿಲಾಹಾರರು ಯಾರ ಸಾಮಂತರಾಗಿದ್ದರು? ಇಲ್ಲಿ ಕನ್ನಡಿಗರು ಕಿವಿ ನಿಮಿರಿಸಬೇಕು. ಮಳಖೇಡದ ರಾಷ್ಟ್ರಕೂಟರ ಸಾಮಂತರು! ಠಾಣೆಯ ಯೇವೂರು ಗುಡ್ಡಗಳ ಆಚೆ, ಬೊರಿವಲಿಯ ಬದಿಗೆ ಕಾನ್ಹೇರಿಯ ಬೌದ್ಧ ಗುಹೆಗಳಿವೆ. ಅಲ್ಲಿ ಒಂಬತ್ತನೆಯ ಶತಮಾನದ ಸಂಸ್ಕೃತ ಶಾಸನಗಳಲ್ಲಿ ಶಿಲಾಹಾರ ಅರಸರಾದ ಪುಲ್ಲಶಕ್ತಿ, ಕಪರ್ದಿಯರ ಜತೆಗೆ ಅವರ ಚಕ್ರವರ್ತಿ ಅಮೋಘವರ್ಷನ ಹೆಸರೂ ಇದೆ. ಈ ಅಮೋಘವರ್ಷನೇ ನಮ್ಮ ನೃಪತುಂಗ. ಕನ್ನಡದಲ್ಲಿ ಇಂದು ಉಳಿದಿರುವ ಅತ್ಯಂತ ಹಳೆಯ ಗ್ರಂಥ ‘ಕವಿರಾಜಮಾರ್ಗ’ ಹುಟ್ಟಿದ್ದು ಇವನ ಆಸ್ಥಾನದಲ್ಲಿ. ಶಾಲೆಯ ಪಾಠದಲ್ಲಿ ಓದಿದ ದೊರೆ ನಾವು ಬಾಡಿಗೆ ಮನೆ ಹಿಡಿದ ಊರಿನ ಬೆನ್ನಿಗೇ ಕಲ್ಲಿನಲ್ಲಿ ಕುಳಿತಿದ್ದಾನೆ. ಇದನ್ನು ಹೇಳುವುದು ಊರಿನ ಮೇಲೆ ಹಕ್ಕು ಸಾಧಿಸುವುದಕ್ಕಲ್ಲ, ಹಳೆಯ ನೆಂಟಸ್ತಿಕೆಯನ್ನು ನೆನೆಯುವುದಕ್ಕೆ.

ಠಾಣೆ ದಾಟಿ ಫಾಸ್ಟ್ ಗಾಡಿಯಲ್ಲಿ ಮುಂದೆ ಹೋದರೆ 2022ರವರೆಗೆ ಕಳವಾದ ಬಳಿಕ ಕತ್ತಲು ಕವಿಯುತ್ತಿತ್ತು. ಅದು 1916ರಲ್ಲಿ ತೆರೆದ ಪಾರ್ಸಿಕ್ ಸುರಂಗ. ಉದ್ದ ಸುಮಾರು 1.3 ಕಿಲೋಮೀಟರ್. ಮುಂದೆ ದಿವಾ, ಕೋಪರ್ ದಾಟಿದರೆ ಡೊಂಬಿವಲಿ.

ಡೊಂಬಿವಲಿಗೆ ಬಣ್ಣದ ಪ್ರಶ್ನೆ. ಮಳೆಯ ಬಣ್ಣ ಯಾವುದು? ನಗಬೇಡಿ. 2014ರ ಜನವರಿಯಲ್ಲಿ ಇಲ್ಲಿ ಹಸಿರು ಮಳೆ ಬಿತ್ತು. 2020ರ ಫೆಬ್ರವರಿಯಲ್ಲಿ ಎಂ.ಐ.ಡಿ.ಸಿ. ಪ್ರದೇಶದ ರಸ್ತೆಯೊಂದು ಗುಲಾಬಿ ಬಣ್ಣಕ್ಕೆ ತಿರುಗಿತು. ಬಣ್ಣ ಮತ್ತು ರಾಸಾಯನಿಕಗಳ ಕಾರ್ಖಾನೆಗಳು ಮನೆಗಳ ಮಗ್ಗುಲಲ್ಲೇ ಇರುವ ಊರಿದು. ಈ ಎರಡು ಉತ್ತರಗಳನ್ನು ಮಕ್ಕಳು ಬಾಯಿಪಾಠ ಮಾಡಿದರೆ ಸಾಲದು, ‘ಏಕೆ ಹೀಗಾಯಿತು’ ಎಂದು ಮರುಪ್ರಶ್ನೆಯನ್ನೂ ಕೇಳಬೇಕು.

ಮುಂದೆ ಕಲ್ಯಾಣ. 1854ರ ಮೇ ತಿಂಗಳಲ್ಲಿ ರೈಲು ಇಲ್ಲಿಯವರೆಗೆ ಬಂತು. ಇಂದು ಹಳಿ ಇಲ್ಲಿ ಕವಲೊಡೆದು, ಒಂದು ಕಸಾರಾ ಘಾಟಿ ಹತ್ತಿ ನಾಸಿಕದತ್ತ, ಇನ್ನೊಂದು ಕರ್ಜತ್ ಮೂಲಕ ಪುಣೆ, ಸೊಲ್ಲಾಪುರ, ಕಲಬುರಗಿಯತ್ತ ಹೋಗುತ್ತದೆ. ಮೊದಲ ಶತಮಾನದ ಗ್ರೀಕ್ ನಾವಿಕರಿಗೂ ಇದು ‘ಕಲ್ಲಿಯೆನ’ ಎಂಬ ಬಂದರಾಗಿ ಗೊತ್ತಿತ್ತು. ವಚನಗಳನ್ನು ಕಲಿಯುವ ನಮ್ಮ ಮಕ್ಕಳು ಬಸವಣ್ಣನವರ ಕಲ್ಯಾಣ ಇದೇ ಎಂದು ಭಾವಿಸುವುದುಂಟು. ಆ ಕಲ್ಯಾಣ ಬೀದರ್ ಜಿಲ್ಲೆಯ ಬಸವಕಲ್ಯಾಣ ಎಂದು ತಿಳಿಸಿ ಹೇಳೋಣ.

ಸಂಗೀತದಲ್ಲೂ ಒಂದು ಕಲ್ಯಾಣವಿದೆ. ಹಿಂದೂಸ್ತಾನಿಯ ಕಲ್ಯಾಣ್ ಥಾಟಿಗೆ ಸಮನಾದ ಕರ್ನಾಟಕ ಸಂಗೀತದ ಮೇಳ ಯಾವುದು? ಮೇಚಕಲ್ಯಾಣಿ. ‘ಮೇಚ’ ಏಕೆ? ಕಟಪಯಾದಿ ಸೂತ್ರದಂತೆ ‘ಮ’ ಎಂದರೆ 5, ‘ಚ’ ಎಂದರೆ 6. ತಿರುಗಿಸಿ ಓದಿದರೆ 65, ಅದೇ ಮೇಳದ ಸಂಖ್ಯೆ! ಊರಿಗೂ ರಾಗಕ್ಕೂ ಹೆಸರಷ್ಟೇ ಸಮಾನ. ಆದರೂ ಸಂಜೆ ಗಾಡಿಯಲ್ಲಿ ಭಜನಾ ಮಂಡಳಿಯವರ ತಾಳ ಕೇಳುವಾಗ ಇದು ನೆನಪಾದರೆ ನಷ್ಟವೇನಿಲ್ಲ.

ಕಲ್ಯಾಣದ ಪ್ರಸಿದ್ಧ ವ್ಯಕ್ತಿ ಯಾರು? 1865ರಲ್ಲಿ ಇಲ್ಲಿ ಜನಿಸಿದ ಆನಂದೀಬಾಯಿ ಜೋಶಿ. ಒಂಬತ್ತನೆಯ ವರ್ಷಕ್ಕೆ ಮದುವೆ, ಹದಿನಾಲ್ಕಕ್ಕೆ ಹುಟ್ಟಿದ ಮಗು ಹತ್ತು ದಿನಗಳಲ್ಲಿ ತೀರಿಕೊಂಡಿತು. 1883ರಲ್ಲಿ ಹಡಗು ಹತ್ತಿದ ಆಕೆ 1886ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಎಂ.ಡಿ. ಪದವಿ ಪಡೆದರು. ಮರುವರ್ಷವೇ, 22 ತುಂಬುವ ಮೊದಲೇ, ಕ್ಷಯದಿಂದ ಪುಣೆಯಲ್ಲಿ ನಿಧನರಾದರು. ಶುಕ್ರಗ್ರಹದ ಒಂದು ಕುಳಿಗೆ ಇಂದು ಆಕೆಯ ಹೆಸರಿದೆ.

ಇನ್ನು ಹಿಂದಿರುಗಿ ಠಾಣೆಯಲ್ಲಿ ಗಾಡಿ ಬದಲಿಸೋಣ. 2004ರಲ್ಲಿ ಆರಂಭವಾದ ಟ್ರಾನ್ಸ್ ಹಾರ್ಬರ್ ಮಾರ್ಗ ನಮ್ಮನ್ನು ಐರೋಲಿ, ವಾಶಿಗೆ, ಎಂದರೆ ನವಿ ಮುಂಬಯಿಗೆ ಒಯ್ಯುತ್ತದೆ. 1970ರಲ್ಲಿ ಸಿಡ್ಕೊ ಸಂಸ್ಥೆ ಸ್ಥಾಪನೆಯಾದ ಮೇಲೆ ಎದ್ದ ನಗರವಿದು. ಇಲ್ಲಿಯ ಬಣ್ಣದ ಪ್ರಶ್ನೆ ಡೊಂಬಿವಲಿಯದಕ್ಕಿಂತ ಹಿತವಾದದ್ದು: ಖಾಡಿಗೆ ಬರುವ ಫ್ಲೆಮಿಂಗೋ ಹಕ್ಕಿ ಗುಲಾಬಿ ಏಕೆ? ಮರಿ ಹುಟ್ಟುವಾಗ ಬೂದು ಬಣ್ಣ. ತಿನ್ನುವ ಪಾಚಿ ಮತ್ತು ಸಿಗಡಿಯಂಥ ಸಣ್ಣ ಜೀವಿಗಳಲ್ಲಿರುವ ವರ್ಣದ್ರವ್ಯ ಗರಿಗೇರಿ ಅದು ಗುಲಾಬಿಯಾಗುತ್ತದೆ. ಠಾಣೆ ಖಾಡಿಯ ಒಂದು ಭಾಗ 2015ರಲ್ಲಿ ಫ್ಲೆಮಿಂಗೋ ಧಾಮವಾಯಿತು, 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು.

ಹಕ್ಕಿ ಎಲ್ಲಿಂದಲೋ ಬಂದರೂ ಈ ಖಾಡಿಯನ್ನು ಉಂಡೇ ಬಣ್ಣ ಕಟ್ಟಿಕೊಳ್ಳುತ್ತದೆ. ನಾವೂ ಈ ನೆಲದ ಅನ್ನ ಉಂಡವರು. ಅದರ ಕಥೆ ತಿಳಿಯುವುದು ಋಣ ತೀರಿಸುವ ಒಂದು ಬಗೆ. ಮುಂದಿನ ವಾರ್ಷಿಕೋತ್ಸವದ ರಸಪ್ರಶ್ನೆಯಲ್ಲಿ ಪೆರುವಿನ ಜತೆಗೆ ಪಾರ್ಸಿಕ್ಕಿಗೂ ಜಾಗವಿರಲಿ.