ಹೆಪ್ಪು: ಶಿಷ್ಯನೊಬ್ಬನು ಕಲಿಸಿದ ಪಾಠ

ಸ್ಮರಣಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಆಜ್ಞಾಪಿಸಿದಾಗ, ಛಂದಸ್ಸಿನ ವಿಷಯವಾಗಿ ನಾಲ್ಕು ಮಾತು ಬರೆದು ಋಣಮುಕ್ತನಾಗೋಣವೆಂದಿದ್ದೆನು. ಆದರೆ ಕಳೆದ ಬೇಸಿಗೆಯ ಪ್ರಸಂಗವೊಂದು ಮನಸ್ಸಿನಿಂದ ಇಳಿಯದಿರುವುದರಿಂದ ಅದನ್ನೇ ವಾಚಕರಲ್ಲಿ ನಿವೇದಿಸುತ್ತೇನೆ.

ಸುಮಾರು ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ವಿಜ್ಞಾನದ ಅಧ್ಯಾಪಕರು ರಜೆಯಲ್ಲಿದ್ದುದರಿಂದ ಅವರ ಅವಧಿಯು ನನ್ನ ಪಾಲಿಗೆ ಬಂದಿತು. 'ನೀರು ಹೆಪ್ಪುಗಟ್ಟಿದಾಗ ಶೇಕಡ 9ರಷ್ಟು ಹಿಗ್ಗುವುದು. ಶೀತದೇಶಗಳಲ್ಲಿ ನೆಲ ಉಬ್ಬುವುದಕ್ಕೆ ಇದೊಂದೇ ಕಾರಣ' ಎಂದು ಗಂಭೀರವಾಗಿ ವಿವರಿಸಿದೆನು. ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು, "ಗುರುಗಳೇ, ಮಣ್ಣಿನಲ್ಲಿ ಸಂದುಗಳಿರುತ್ತವಲ್ಲಾ, ಹಿಗ್ಗಿದ್ದು ಅಲ್ಲಿಗೇ ಹೋದರೆ ನೆಲವೇಕೆ ಉಬ್ಬಬೇಕು?" ಎಂದನು. ಉತ್ತರ ತಿಳಿಯದ ನಾನು ಸಿಟ್ಟನ್ನು ಆಶ್ರಯಿಸಿದೆನು. "ಕುತರ್ಕ ಬೇಡ, ಕುಳಿತುಕೋ" ಎಂದೆನು. ಆ ವರ್ಷವೆಲ್ಲ ಅವನು ನನ್ನನ್ನು ಮತ್ತೊಂದು ಪ್ರಶ್ನೆ ಕೇಳಲಿಲ್ಲ.

ಅವನೀಗ ಹೊರದೇಶದಲ್ಲಿ ಇಂಜಿನಿಯರು. ಮಣ್ಣು, ಇಟ್ಟಿಗೆ, ಕಾಂಕ್ರೀಟುಗಳಂತಹ ರಂಧ್ರಮಯ ವಸ್ತುಗಳೊಳಗೆ ನೀರು ಹೆಪ್ಪುಗಟ್ಟುವ ಬಗೆಯನ್ನು ಕಂಪ್ಯೂಟರಿನಲ್ಲಿ ಗಣಿಸಿ ನೋಡುವುದೇ ಅವನ ಉದ್ಯೋಗ. ಮನೆಗೆ ಬಂದು ನಮಸ್ಕರಿಸಿ, ತನ್ನ ಕೆಲಸವನ್ನು ಕನ್ನಡದಲ್ಲಿ ಬರೆಯಲು ಪಾರಿಭಾಷಿಕ ಪದಗಳು ಬೇಕೆಂದನು.

ಅವನು ವಿವರಿಸಿದ್ದು ಹೀಗೆ: ವಸ್ತುವನ್ನು ಸಹಸ್ರಾರು ಪುಟ್ಟ ಕೋಶಗಳಾಗಿ ವಿಭಾಗಿಸಿ, ಪ್ರತಿಯೊಂದರಲ್ಲಿಯೂ ಶಾಖವೆಷ್ಟು ಹೊರಟಿತು, ನೀರೆಷ್ಟು ಹರಿಯಿತು ಎಂದು ಕ್ಷಣಕ್ಷಣಕ್ಕೂ ಲೆಕ್ಕವಿಡುವುದು. ಒಂದು ಗ್ರಾಂ ನೀರು ಗಡ್ಡೆಯಾಗಲು ಸುಮಾರು 80 ಕ್ಯಾಲೊರಿ ಗುಪ್ತೋಷ್ಣವನ್ನು ಬಿಟ್ಟುಕೊಡಬೇಕಾದುದರಿಂದ ಅದು ಒಮ್ಮೆಲೇ ಆಗುವ ಕಾರ್ಯವಲ್ಲ. ಆದಕಾರಣ ಪ್ರತಿ ಕೋಶಕ್ಕೂ ಒಂದು 'ದ್ರವಾಂಶ'. 1 ಎಂದರೆ ಪೂರ್ಣ ನೀರು, 0 ಎಂದರೆ ಪೂರ್ಣ ಗಡ್ಡೆ. ನಡುವಿನ ಕೋಶದಲ್ಲಿ ದ್ರವಾಂಶವು ತಗ್ಗಿದಂತೆ ಹರಿವಿಗೆ ತಡೆಯನ್ನು ಏರಿಸುತ್ತ ಹೋಗುವುದು. ಇದು ವೊಲ್ಲರ್ ಮತ್ತು ಪ್ರಕಾಶ್ ಎಂಬವರು 1987ರಲ್ಲಿ ಪ್ರಕಟಿಸಿದ ವಿಧಾನವಂತೆ. ನೀರೂ ಅಲ್ಲದ ಗಡ್ಡೆಯೂ ಅಲ್ಲದ ಆ ಕೋಶವನ್ನು ಕೇಳಿ ನನಗೆ ಕೃದಂತಗಳ ನೆನಪಾಯಿತು: ಅರ್ಧ ಕ್ರಿಯೆ, ಅರ್ಧ ನಾಮ. ರಂಧ್ರವು ಅತಿ ಕಿರಿದಾದಲ್ಲಿ ಸೊನ್ನೆ ಡಿಗ್ರಿಯ ಕೆಳಗೂ ನೀರು ನೀರಾಗಿಯೇ ಉಳಿಯುವುದೆಂದೂ ಹೇಳಿದನು.

ನಾನು 'ಘನೀಭವನ' ಎಂಬ ಪದವನ್ನು ಸೂಚಿಸಿದೆನು. ಅವನು ಸಂಕೋಚದಿಂದಲೇ, "ಹೆಪ್ಪುಗಟ್ಟುವುದು ಎಂದರೆ ಸಾಲದೇ? ಬೀಜದಂತಹ ಕಣವೊಂದು ಸಿಕ್ಕದಿದ್ದರೆ ಶುದ್ಧ ನೀರಿನ ಸಣ್ಣ ಹನಿ ಮೈನಸ್ 38 ಡಿಗ್ರಿಯ ಸಮೀಪದವರೆಗೂ ಗಟ್ಟಿಯಾಗದು. ಹಾಲಿಗೆ ಹೆಪ್ಪು ಬೇಕಾದ ಹಾಗೆಯೇ" ಎಂದನು. ವಿದ್ವತ್ ಪರೀಕ್ಷೆಯನ್ನು ಮುಗಿಸಿದ ನನಗೆ ಅಡಿಗೆಮನೆಯ ಆ ಪದದ ಹುರುಳು ಅದುವರೆಗೆ ಹೊಳೆದಿರಲಿಲ್ಲ.

ಬಳಿಕ ಹಳೆಯ ಪ್ರಶ್ನೆಯನ್ನು ನಾನೇ ಎತ್ತಿದೆನು. ಅಮೆರಿಕದ ಭೂವಿಜ್ಞಾನಿ ಸ್ಟೀಫನ್ ಟೇಬರ್ 1930ರ ಹೊತ್ತಿಗೇ ಅದನ್ನು ಪರೀಕ್ಷಿಸಿದ್ದರಂತೆ. ಅವರು ಮಣ್ಣಿಗೆ ನೀರಿನ ಬದಲು ಬೆಂಜೀನನ್ನು ಉಣಿಸಿ ತಣಿಸಿದರು. ಬೆಂಜೀನು ಹೆಪ್ಪುಗಟ್ಟಿದಾಗ ಕುಗ್ಗುವ ದ್ರವ. ಆದರೂ ಮಣ್ಣು ಉಬ್ಬಿತು! ಗಡ್ಡೆಗೂ ಮಣ್ಣಿನ ಕಣಕ್ಕೂ ನಡುವೆ ಹೆಪ್ಪುಗಟ್ಟದೆ ಉಳಿದ ತೆಳುಪೊರೆಯ ಮೂಲಕ ಕೆಳಗಿನ ದ್ರವವು ಮೇಲಕ್ಕೆ ಸೇದಲ್ಪಟ್ಟು, ಪದರಪದರವಾಗಿ ಗಡ್ಡೆ ಬೆಳೆದು ನೆಲವನ್ನೆತ್ತುತ್ತದೆ. ಲೆಕ್ಕದಲ್ಲಿ ಬರಿಯ 9 ಭಾಗದ ಹಿಗ್ಗನ್ನು ಸೇರಿಸಿದರೆ ನೆಲ ಅಷ್ಟು ಉಬ್ಬುವುದಿಲ್ಲ; ಈ ಸೇದುವಿಕೆಗೆ ಬೇರೆಯೇ ಸಮೀಕರಣ ಬೇಕು.

"ಅಂದು ನೀನು ಕೇಳಿದ್ದು ಕುತರ್ಕವಾಗಿರಲಿಲ್ಲಪ್ಪಾ" ಎಂದೆನು. ಅವನು ತಲೆ ತಗ್ಗಿಸಿ, "ಇರಲಿ ಬಿಡಿ ಗುರುಗಳೇ. ಈ ಸೇದುವ ಬಲಕ್ಕೆ ಯಾವ ಪದ ಬರೆಯಲಿ?" ಎಂದು ಲೇಖನಿಯನ್ನು ತೆರೆದನು. ಸಂಸ್ಕೃತದ ಎರಡು ಪದಗಳು ನಾಲಗೆಯ ತುದಿಗೆ ಬಂದವು. "ಸೆಳೆತ ಎಂದು ಬರೆದುಕೋ" ಎಂದೆನು.